ಹಗ್ಗವಿಲ್ಲದ ಬಾವಿ

ಶೇಡಬಾಳ
ಬುಧವಾರ, ೧೨ ಮಾರ್ಚ್ ೨೦೨೫

ತ್ರಿಶಲಾ,

ನಿನ್ನ ಹುಸೇನಬಿ ವೈನಿಯ ಸಲಾಮು. ನಿನಗೂ ನಿನ್ನ ಮನೆಯವರಿಗೂ, ಅಂಗಡಿಯಲ್ಲಿ ಕೂತಿರುವ ನಿನ್ನ ಮಾವನವರಿಗೂ, ಎಲ್ಲರಿಗೂ ಸೇರಿಸಿಯೇ ಬರೆದಿದ್ದೇನೆ ಅಂತ ತಿಳಿ. ಒಬ್ಬೊಬ್ಬರ ಹೆಸರು ಬರೆಯಲು ಹೋದರೆ ಯಾರಾದರೊಬ್ಬರು ಬಿಟ್ಟು ಹೋಗುತ್ತಾರೆ. ಆಮೇಲೆ ಅದೇ ತಲೆಯಲ್ಲಿ ಕೊರೆಯುತ್ತದೆ.

ನಸುಕಿನಲ್ಲಿ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಗಲ್ಲಿಯ ಬಾವಿ ನಮ್ಮ ಅಡಿಗೆಮನೆಯೊಳಗೆ ಬಂದಿತ್ತು. ಒಲೆ ಇರುವ ಜಾಗದಲ್ಲಿ ಬಾವಿಯ ಕಟ್ಟೆ. ಅದರ ಮೇಲೆ ಅಡ್ಡಲಾಗಿ ನಮ್ಮವರ ಹೊರಸು, ಹೊರಸಿನ ಮೇಲೆ ಅವರು ಮಲಗಿದ್ದಾರೆ. ಎಳೆಯೋಣ ಅಂತ ಹೋದರೆ ಯಾರೋ, ಮುಖ ಕಾಣಲಿಲ್ಲ, ನಕಾಶೆ ಆಗಿಹೋಗಿದೆ, ಈಗ ಏನೂ ಸರಿಸುವ ಹಾಗಿಲ್ಲ ಅಂದರು. ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದೆ. ಎಚ್ಚರವಾದಾಗ ಹೊರಸು ಅದರ ಜಾಗದಲ್ಲಿತ್ತು, ಅವರು ಗೊರಕೆ ಹೊಡೆಯುತ್ತಿದ್ದರು. ರಂಜಾನಿನ ರೋಜಾದ ದಿನಗಳಲ್ಲವೇ, ಬೆಳಕಾಗುವ ಮುಂಚೆ ಉಣ್ಣುವ ಹೊತ್ತು ಸ್ವಲ್ಪ ಉಳಿದಿತ್ತು. ಅರ್ಧ ರೊಟ್ಟಿ ತಿಂದೆ, ಉಳಿದರ್ಧ ಇಳಿಯಲಿಲ್ಲ. ಕನಸನ್ನು ನಂಬುವವಳಲ್ಲ ನಾನು. ಬಿಡುವವಳೂ ಅಲ್ಲ.

ಫೋನ್ ಮಾಡದೆ ಪತ್ರ ಯಾಕೆ ಅಂತ ನೀನು ಕೇಳಬಹುದು. ನೀನು ಅಂಗಡಿಯಲ್ಲಿ ಫೋನಿನ ಸಪ್ಪಳ ದೊಡ್ಡದು ಮಾಡಿ ಇಟ್ಟಿರುತ್ತೀ, ನನ್ನ ಮಾತು ಸಕ್ಕರೆ ತೂಗಿಸಿಕೊಳ್ಳಲು ಬಂದವರೆಲ್ಲ ಕೇಳುತ್ತಾರೆ. ಅಲ್ಲದೆ ಫೋನಿನಲ್ಲಿ ನಾನು ಕೊನೆಯ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಅಕೀಬ ಸಂಜೆ ಟೆಂಪೋದಲ್ಲಿ ಗಾದಿ ಹಾಕಿಕೊಂಡು ನಿಪ್ಪಾಣಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಲಕೋಟೆಗೆ ಗೋಂದು ಹಚ್ಚುತ್ತೇನೆ. ಬಿಚ್ಚಿದ ಹಾಗೆ ಕಂಡರೆ ನನಗೆ ಹೇಳು. ನನ್ನ ಮಗ ಓದುವವನಲ್ಲ, ಆದರೂ ಹೇಳು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಮೇಲೆ ಬರೆದದ್ದು ಅಂದರೆ ನಾವು ಹೊಲಿಯುವ ಗಾದಿಗೆ ಸಿಕ್ಕಿಸುವ ಚೀಟಿಯ ಮೇಲೆ ಗಿರಾಕಿಯ ಹೆಸರು. ಈ ವಾರ ಎರಡು ಸಲ ಪೆನ್ನು ಹಿಡಿದೆ, ಒಂದು ಸರಕಾರಕ್ಕೆ, ಒಂದು ನಿನಗೆ. ಸರಕಾರಕ್ಕೆ ಬರೆದದ್ದರಲ್ಲಿ ಹೊಡೆದು ಹಾಕಿದ್ದು ಕಡಿಮೆ. ಆ ವಿಷಯ ನಿನ್ನ ಅಣ್ಣ ನಿನಗೆ ಹೇಳುವ ಮೊದಲು ನಾನೇ ಹೇಳಬೇಕು ಅಂತ ಕೂತಿದ್ದೇನೆ.

ನಮ್ಮ ಬಸ್ತಿ ಗಲ್ಲಿಗೆ ಸರಕಾರದ ಒಂದು ಯೋಜನೆ ಬಂದಿದೆ. ಹಳೇ ಊರುಗಳ ಹಳೇ ಗಲ್ಲಿಗಳನ್ನು ಕೆಡವದೆ, ಇದ್ದ ಹಾಗೆಯೇ ಸುಧಾರಿಸಿ, ಜನ ಬಿಟ್ಟು ಹೋಗದಂತೆ ಮಾಡುವುದು. ಅದಕ್ಕೆ ಬಾಯಲ್ಲಿ ನಿಲ್ಲದಷ್ಟು ಉದ್ದ ಹೆಸರು. ನಾವು ಗಲ್ಲಿ ಸ್ಕೀಮು ಅನ್ನುತ್ತೇವೆ. ಮುಚ್ಚಿಹೋದ ಕಲ್ಲಿನ ಗಟಾರ ತೆಗೆದು ಕೊಡುತ್ತಾರಂತೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯುವ ಹಾಗಿಲ್ಲ, ಸುಣ್ಣದ ಗಾರೆಯೇ ಆಗಬೇಕು, ಅದರ ಖರ್ಚು ಸರಕಾರದ್ದು. ತೊಲೆ ಕುಂಬಾದ ಮನೆಗೆ ತೊಲೆ, ಮಾಳಿಗೆಯ ಮಳೆನೀರು ಹಿಡಿಯಲು ಕೊಳವೆ, ಬಿಸಿಲಿನಿಂದ ಉರಿಯುವ ದೀಪ. ನಂಬುವುದೋ ಬಿಡುವುದೋ ಅಂತ ನಾನು ಮೊದಲು ಅನುಮಾನದಲ್ಲಿದ್ದೆ, ಆದರೆ ಗಟಾರದ ಕೆಲಸ ಶುರುವಾಗಿಯೇ ಬಿಟ್ಟಿತು. ಬೀಗ ಹಾಕಿಕೊಂಡು ಸಾಂಗಲಿ ಕಡೆ ಹೋದವರಲ್ಲಿ ಎರಡು ಮನೆಯವರು ತಿರುಗಿ ಬರುತ್ತೇವೆ ಅಂತ ಬರೆದುಕೊಟ್ಟಿದ್ದಾರೆ. ಮೂಲೆಮನೆಯ ಜಿನ್ನಪ್ಪನ ಸೊಸೆ ಬಂದು ಕಸ ಹೊಡೆದು, ಬಾಗಿಲಿಗೆ ಎಣ್ಣೆ ಹಚ್ಚಿ ಹೋದಳು. ಎಷ್ಟೋ ದಿನಗಳ ಮೇಲೆ ಆ ಬಾಗಿಲು ಕಿರುಗುಟ್ಟಿದ್ದು ಕೇಳಿ ನಾನು ಕಳ್ಳರು ಅಂತ ತಿಳಿದೆ.

ಬಾವಿಗಳ ವಿಷಯವೂ ಸ್ಕೀಮಿನಲ್ಲಿದೆ. ಬಳಕೆಯಲ್ಲಿರುವ ಬಾವಿಯಾದರೆ ಹೂಳು ತೆಗೆದು, ಕಟ್ಟೆ ಕಟ್ಟಿ, ಮಾಳಿಗೆಯ ನೀರನ್ನು ಅದಕ್ಕೇ ಬಿಟ್ಟು ಉಳಿಸಬೇಕು. ಬಿಟ್ಟ ಬಾವಿಯಾದರೆ ಮುಚ್ಚಿ ನೆಲ ಸಮ ಮಾಡಬೇಕು.

ಸರ್ವೆಗೆ ಹೊರಗಿನ ಹುಡುಗರು ಬಂದಿದ್ದರು. ಮಧ್ಯಾಹ್ನದ ಬಿಸಿಲು, ಗಲ್ಲಿಯಲ್ಲಿ ಯಾರೂ ಇಲ್ಲ. ನಿಮ್ಮ ಜೈನರ ಪದ್ಧತಿಯನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಹಗ್ಗ ಅವರವರ ಮನೆಯದು, ಕೊಡ ಅವರವರದು. ಬೆಳಗ್ಗೆ ಸೇದಿದ ಮೇಲೆ ರಾಟೆಯನ್ನೂ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ಯುತ್ತಾರೆ. ಬಾವಿಯ ಮೇಲೆ ಏನೂ ಉಳಿಯುವುದಿಲ್ಲ. ಆ ಹುಡುಗರಿಗೆ ಕಂಡದ್ದು ಎರಡು ಕಲ್ಲುಕಂಬ, ನಡುವೆ ಬರೀ ತೊಲೆ, ಪೊಟರೆಯಲ್ಲಿ ಪಾರಿವಾಳ. ಒಬ್ಬ ಹರಳು ಒಗೆದು ಸಪ್ಪಳ ಕೇಳಿದ, ಇನ್ನೊಬ್ಬ ಫೋನಿನಲ್ಲಿ ಬರೆದುಕೊಂಡ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಅವರು ಕೇಳಲಿಲ್ಲ.

ಅವರದೂ ತಪ್ಪಲ್ಲ. ಮದುವೆಯಾಗಿ ಈ ಗಲ್ಲಿಗೆ ಬಂದ ದಿನ ನಾನೂ ಹಾಗೆಯೇ ತಿಳಿದೆ. ಬಾವಿ ಇದೆ, ಹಗ್ಗ ಇಲ್ಲ, ಅಂದರೆ ಬಿಟ್ಟ ಬಾವಿ. ಮರುದಿನ ಬೆಳಗ್ಗೆ ಕಾಕು, ನಿನ್ನ ಅವ್ವ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದಾಗ ತಿಳಿಯಿತು. ನಿಮ್ಮವರು ಯಾರೂ ಯಾವತ್ತೂ ನನಗೆ ಬೇಡ ಅನ್ನಲಿಲ್ಲ. ಬೇಡ ಅನ್ನುವ ಪ್ರಸಂಗವೇ ಬರಲಿಲ್ಲ. ಹಗ್ಗ ಇದ್ದರೆ ತಾನೇ ಕೈ ಹಾಕುವುದು. ನಳ ಒಣಗಿದ ಬೇಸಿಗೆಯಲ್ಲಿ ಕಾಕು ತಾನೇ ಸೇದಿ, ತನ್ನ ಕೊಡವನ್ನು ಎತ್ತರ ಹಿಡಿದು ನನ್ನ ಕೊಡಕ್ಕೆ ಸುರಿಯುತ್ತಿದ್ದರು. ನೀರು ಆಚೆ ಈಚೆ ಚೆಲ್ಲುತ್ತಿತ್ತು. ನಾನು ನೀರು ದಂಡ ಆಗುತ್ತದೆ ಅಂದರೆ, "ನಿನ್ನ ಕೊಡದ ಬಾಯಿ ಸಣ್ಣದ ಐತಿ ಹುಸೇನಬಿ, ನಿನ್ನ ಬಾಯಿ ಅಷ್ಟ ದೊಡ್ಡದ ಐತಿ" ಅನ್ನುತ್ತಿದ್ದರು. ಆಗ ನೀನು ಪರಕಾರ ಹಾಕಿಕೊಂಡು ಪಕ್ಕದಲ್ಲಿ ನಿಂತು ನಗುತ್ತಿದ್ದೆ.

ಹೋದ ತಿಂಗಳು ಪಂಚಾಯಿತಿಯ ಗೋಡೆಗೆ ನಕಾಶೆ ಅಂಟಿಸಿದರು. ಬಾವಿಯ ಮೇಲೆ ಕರೀ ಗುಣಿಲೆ ಗುರುತು, ಮುಚ್ಚಬೇಕು ಅಂತ. ಅದರ ಜಾಗದಲ್ಲಿ ಎರಡು ಕಲ್ಲುಬೆಂಚು, ಮತ್ತು ಗಾಡಿ ತಿರುಗಿಸಲು ಬಯಲು. ಅದನ್ನು ನೋಡಿ ನನಗೆ ಏನನ್ನಿಸಿತು ಅಂತ ನಿನಗೆ ಬರೆಯಲೇಬೇಕು, ಇಲ್ಲವಾದರೆ ಈ ಪತ್ರಕ್ಕೆ ಅರ್ಥ ಇಲ್ಲ. ನನಗೆ ಸಂತೋಷವಾಯಿತು. ಲಕ್ವಾ ಹೊಡೆದ ದಿನ ನಮ್ಮವರನ್ನು ಹೊರಸಿನ ಸಮೇತ ಎತ್ತಿಕೊಂಡು ದೊಡ್ಡ ರಸ್ತೆಯವರೆಗೆ ಒಯ್ಯಬೇಕಾಯಿತು. ಬಾವಿಯ ಹತ್ತಿರ ಗಲ್ಲಿ ಅಷ್ಟು ಇಕ್ಕಟ್ಟು, ಹೊರಸು ಓರೆ ಮಾಡಿದರೆ ಮಾತ್ರ ದಾಟುತ್ತದೆ. ಓರೆ ಮಾಡಿದಾಗ ಅವರ ಒಂದು ಕೈ ಜೋತುಬಿದ್ದು ಕಟ್ಟೆಗೆ ತಿಕ್ಕುತ್ತಿತ್ತು, ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಮೀರಜದ ಡಾಕ್ಟರರು ಇನ್ನೊಮ್ಮೆ ಹಾಗಾದರೆ ತಡ ಮಾಡಬೇಡಿ ಅಂದಿದ್ದಾರೆ. ಬಾವಿ ಮುಚ್ಚಿದರೆ ಆಂಬುಲೆನ್ಸು ನಮ್ಮ ಬಾಗಿಲಿಗೇ ಬರುತ್ತದೆ.

ನಿಮ್ಮ ಮನೆಯಲ್ಲಿ ಆ ನಕಾಶೆಯಿಂದ ಏನಾಯಿತು ಅಂತ ನಿನಗೆ ಗೊತ್ತು. ಕಾಕು, ಬಾವಿ ಮುಚ್ಚಿದ ದಿನದಿಂದ ತನಗೆ ಅಡಿಗೆ ಬೇಡ ಅಂದು, ರಾಟೆಗೆ ಎಣ್ಣೆ ಬಿಡಲು ಕೂತರಂತೆ. ನಿನ್ನ ಅಣ್ಣ ಧನಪಾಲ ತಕರಾರು ಅರ್ಜಿ ಕೊಟ್ಟ. ಆಫೀಸಿನವರು ಹೇಳಿದ್ದು, ಬಾವಿಯಲ್ಲಿ ಪಾಲಿದ್ದವರ ಮಾತು ನಡೆಯುವುದಿಲ್ಲ, ಎಲ್ಲ ಊರಿನಲ್ಲೂ ಎಲ್ಲರೂ ನಮ್ಮ ಬಾವಿ ಬಳಕೆಯಲ್ಲಿದೆ ಅಂತಲೇ ಬರೆದುಕೊಡುತ್ತಾರೆ, ಪಾಲಿಲ್ಲದ ಮನೆಯವರು, ಬಾವಿ ಕಣ್ಣಿಗೆ ಬೀಳುವಷ್ಟು ಹತ್ತಿರ ಇರುವವರು, ತಮ್ಮ ಕೈಯಿಂದ ಬರೆದುಕೊಡಬೇಕು. ಅಂಥ ಮನೆ ಗಲ್ಲಿಯಲ್ಲಿ ಒಂದೇ. ನಮ್ಮದು.

ಧನಪಾಲ ಶುಕ್ರವಾರ ಸಂಜೆ ಬಂದ. ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಇದ್ದ. ನಮ್ಮವರ ಆರೋಗ್ಯ ಕೇಳಿದ, ಅಕೀಬನ ಟೆಂಪೋದ ಟಾಯರು ನೋಡಿದ, ಕಬ್ಬಿನ ಮಾತಾಡಿದ. ಆಮೇಲೆ ಅಂದ, "ವೈನಿ, ನಾಕ ಅಕ್ಷರ ಬರದ ಕೊಡ್ರಿ. ಅವ್ವ ನಳದ ನೀರ ಮುಟ್ಟೂದಿಲ್ಲ, ನಿಮ್ಗ ಗೊತ್ತೈತಿ." ನಾನು ನೋಡೋಣ ಅಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನು ಹೋದ ಮೇಲೆ, ನೋಡೋಣ ಅಂದದ್ದನ್ನು ಹೂಂ ಅಂತ ತಿಳಿದನೋ ಏನೋ ಅಂತ ಇನ್ನೊಂದು ಚಿಂತೆ ಹತ್ತಿತು.

ಅಕೀಬ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಸಣ್ಣವನಿದ್ದಾಗ ಅವನ ಚೆಂಡು ಆ ಬಾವಿಗೆ ಬಿದ್ದರೆ ಯಾರಾದರೂ ಹಗ್ಗ ತರುವವರೆಗೆ ಕಾಯುತ್ತ ಕೂಡಬೇಕಿತ್ತು, ಅದು ಅವನಿಗೆ ಇನ್ನೂ ನೆನಪಿದೆ. "ಇಷ್ಟ ವರ್ಷ ಒಂದ ಕೊಡ ಸೇದಾಕ ಹಗ್ಗ ಕೊಟ್ಟಿಲ್ಲ. ಈಗ ನಮ್ಮ ಸಾಕ್ಷಿ ಬೇಕಾತೇನ ಇವ್ರಿಗೆ? ಅಮ್ಮಾ, ನೀ ಏನೂ ಸುಳ್ಳ ಹೇಳೂದ ಬ್ಯಾಡ. ಸುಮ್ನ ಕೂಡು. ನೀ ಸುಮ್ನ ಕೂತ್ರ ಅಬ್ಬಾನ ಬಾಗಿಲಿಗೆ ಗಾಡಿ ಬರತೈತಿ." ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ನಮ್ಮವರಿಗೆ ಈಗ ಮಾತು ತೊದಲುತ್ತದೆ, ಆದರೆ ಕುಚೇಷ್ಟೆ ಹೋಗಿಲ್ಲ. ಹೊರಸಿನ ಮೇಲಿಂದಲೇ ಅಂದರು, "ನನ್ನ ಒಯ್ಯಾಕ ಗಾಡಿ ಯಾಕಲೇ? ನಾಕ ಹೆಗಲ ಸಿಕ್ರ ಸಾಕು." ಅಕೀಬ ನಗಲಿಲ್ಲ. ನಾನು ರೋಜಾದ ಹೊತ್ತಿನಲ್ಲಿ ಕೆಟ್ಟ ಮಾತು ಬೇಡ ಅಂದೆ. ಅವರು ಮತ್ತೆ ಅಂದರು, ಈ ಸಲ ಚೇಷ್ಟೆ ಇರಲಿಲ್ಲ, "ಆ ನಾಕ ಮಂದಿ ಗಲ್ಲ್ಯಾಗ ಉಳದಿರಬೇಕಲ್ಲ." ಲಕ್ವಾ ಹೊಡೆದ ದಿನ ಹೊರಸಿನ ಒಂದು ಕಾಲು ಹಿಡಿದವನು ಧನಪಾಲ. ಬಸ್ತಿಗೆ ಪೂಜೆಗೆ ಹೊರಟವನು ಹಾಗೆಯೇ ಓಡಿ ಬಂದಿದ್ದ.

ಶುಕ್ರವಾರದಿಂದ ಸೋಮವಾರದವರೆಗೆ ನನಗೆ ಸರಿಯಾಗಿ ನಿದ್ದೆ ಇಲ್ಲ. ಬರೆದುಕೊಟ್ಟರೆ ಮಗನ ಮುಖ, ಕೊಡದಿದ್ದರೆ ಕಾಕುನ ಮುಖ. ಬರೆದುಕೊಟ್ಟ ಮೇಲೆ ನನ್ನನ್ನು ಅಥಣಿಯ ಕೋರ್ಟಿಗೆ ಕರೆದರೆ, ಪೇಪರಿನಲ್ಲಿ ನನ್ನ ಹೆಸರು ಬಂದರೆ, ಇನ್ನೊಮ್ಮೆ ಲಕ್ವಾ ಹೊಡೆದು ಹೊರಸು ಬಾವಿಯ ಹತ್ತಿರ ಸಿಕ್ಕಿಕೊಂಡರೆ. ಕೊನೆಗೆ ಒಂದು ನಿರ್ಧಾರ ಮಾಡಿದೆ. ನನಗೆ ಗೊತ್ತಿಲ್ಲ ಅನ್ನುವುದು. ಒಲೆಯ ಮುಂದೆ ಇರುವವಳು, ಹೊರಗೆ ಏನು ನಡೆಯುತ್ತದೆ ನನಗೆ ಗೊತ್ತಿಲ್ಲ ಅನ್ನುವುದು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಪಾತ್ರೆ ತಿಕ್ಕುತ್ತ ಆ ಮಾತನ್ನು ಬಾಯಲ್ಲೇ ಅಂದುಕೊಂಡೆ.

ಸೋಮವಾರ ಮಧ್ಯಾಹ್ನ ಚಿಕ್ಕೋಡಿಯಿಂದ ಇಂಜಿನಿಯರ ಮೇಡಂ ಬಂದರು. ಸಣ್ಣ ವಯಸ್ಸು, ಮಾತು ಮೆತ್ತಗೆ. ನೆರಳು ಇದ್ದದ್ದು ನಮ್ಮ ಕಟ್ಟೆಯ ಮೇಲೆ ಮಾತ್ರ, ಅಲ್ಲಿಯೇ ನಕಾಶೆ ಹಾಸಿದರು. ಧನಪಾಲ ಮತ್ತು ಗಲ್ಲಿಯ ಉಳಿದ ಹಿರಿಯರು ಬಿಸಿಲಲ್ಲೇ ನಿಂತರು. ಮೇಡಂ ನನ್ನ ಹೆಸರು ಕೇಳಿದರು, ಮನೆ ಯಾರ ಹೆಸರಿನಲ್ಲಿದೆ ಕೇಳಿದರು. ಬಾವಿಯಲ್ಲಿ ಪಾಲು ಇದೆಯೇ ಅಂದರು, ಇಲ್ಲ ಅಂದೆ. "ನೀವ ಇದರ ನೀರ ಸೇದ್ತೀರೇನ್ರಿ?" ಅಂದರು, ಇಲ್ಲ ಅಂದೆ. "ಯಾಕ್ರಿ?" ಅಂದರು.

ಧನಪಾಲ ಕೆಳಗೆ ನೋಡುತ್ತಿದ್ದ. ಅಕೀಬ ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. ನಾನು ಅಂದೆ, "ನಮ್ಗ ನಳ ಐತ್ರಿ."

ಆ ಮೇಲೆ ಅವರು, ಹಾಗಾದರೆ ಸೇದುವವರು ಯಾರು ಅಂತ ಕೇಳಿದರು. ನಾನು ಅಂದುಕೊಂಡಿದ್ದನ್ನೇ ಅಂದೆ, ಒಳಗಿರುವವಳು, ನನಗೆ ಗೊತ್ತಿಲ್ಲ. ಮೇಡಂ ಸಿಟ್ಟು ಮಾಡಲಿಲ್ಲ. ಪಕ್ಕದಲ್ಲಿ ಕೂತ ಗುಮಾಸ್ತನಿಗೆ, ಸೇದುವುದನ್ನು ನೋಡಿದವರು ಯಾರೂ ಇಲ್ಲ ಅಂತ ಬರೆಯಿರಿ ಅಂದರು. ಅವನು ಬರೆಯತೊಡಗಿದ.

ಅದನ್ನು ಕೇಳಿ ನನಗೆ ಏನೋ ಆಯಿತು, ತ್ರಿಶಲಾ. ಕಾಕುನ ಮೇಲಿನ ಪ್ರೀತಿಯಿಂದ ಅಂತ ಬರೆದರೆ ನಿನಗೆ ಚೆನ್ನಾಗಿ ಕಾಣುತ್ತದೆ, ಆದರೆ ಅದಲ್ಲ. ನೋಡಿದವರು ಯಾರೂ ಇಲ್ಲ ಅಂದರೆ ಆ ಕಿಟಕಿಯಲ್ಲಿ ಇಷ್ಟು ವರ್ಷ ಯಾರೂ ಇರಲೇ ಇಲ್ಲ ಅಂದ ಹಾಗೆ. ಹಿಟ್ಟು ನಾದಿದ್ದು, ಅಕೀಬನಿಗೆ ಹಾಲು ಕುಡಿಸಿದ್ದು, ಅತ್ತೆ ತೀರಿದ ದಿನ ಅಲ್ಲೇ ನಿಂತು ಅತ್ತದ್ದು, ಎಲ್ಲ ಆ ಕಿಟಕಿಯಲ್ಲಿ. ಅಷ್ಟೂ ಬೆಳಗು ಕಣ್ಣೆದುರಿಗೆ ಆ ಬಾವಿ. "ನಾ ನೋಡೇನ್ರಿ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಆಮೇಲೆ ನಿಲ್ಲಲಿಲ್ಲ. ಸೂರ್ಯ ಮೂಡಿದ ಮೇಲೆಯೇ ಸೇದುತ್ತಾರೆ, ಕತ್ತಲಲ್ಲಿ ಹುಳ ಕಾಣುವುದಿಲ್ಲ ಅಂತ. ಎರಡು ಪದರದ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಸಣ್ಣ ಬಕೀಟಿಗೆ ಇಳಿಸಿ ಮತ್ತೆ ಅದೇ ಬಾವಿಗೆ ಬಿಡುತ್ತಾರೆ. ಮೇಲಿನಿಂದ ಚೆಲ್ಲುವುದಿಲ್ಲ, ಬಿದ್ದರೆ ಸಾಯುತ್ತವೆ. ಆ ಬಕೀಟಿಗೆ ಬುಡದಲ್ಲಿ ಕಡಿ, ಅಂದರೆ ಹಗ್ಗ ಸಿಕ್ಕಿಸುವ ಬಳೆ, ಇರುತ್ತದೆ, ನೀರು ಮುಟ್ಟಿದ ಮೇಲೆ ಅಲ್ಲಿಯೇ ಮೆಲ್ಲಗೆ ಮಗುಚುತ್ತದೆ. ನಳದ ನೀರನ್ನಾದರೆ ತಿರುಗಿ ಎಲ್ಲಿಗೆ ಬಿಡುವುದು, ಅದಕ್ಕೇ ವ್ರತ ಹಿಡಿದ ಕಮಲಾಬಾಯಿ, ಅಂದರೆ ನಮ್ಮ ಕಾಕು, ಬಾವಿಯ ನೀರು ಬಿಟ್ಟು ಬೇರೆ ಕುಡಿಯುವುದಿಲ್ಲ. ಆಮೇಲೆ ಹಗ್ಗ, ರಾಟೆ ಎಲ್ಲ ಒಳಗೆ ಒಯ್ಯುತ್ತಾರೆ, ನಿಮ್ಮ ಹುಡುಗರು ಬಂದಾಗ ಎಲ್ಲ ಒಳಗೇ ಇತ್ತು ಅಂದೆ.

ಮೇಡಂ ಗುಮಾಸ್ತನಿಗೆ ಬರೆದದ್ದನ್ನು ಹೊಡೆದು ಹಾಕಲು ಹೇಳಿದರು. ನನ್ನ ಕೈಯಿಂದ ಬರೆಸಿಕೊಂಡರು. ಬಸ್ತಿ ಗಲ್ಲಿಯ ಬಾವಿಯಿಂದ ದಿನಾಲು ಕುಡಿಯುವ ನೀರು ಸೇದುತ್ತಾರೆ, ಇದನ್ನು ನಾನು ನನ್ನ ಮನೆಯ ಕಿಟಕಿಯಿಂದ ನೋಡಿದ್ದೇನೆ, ಇಷ್ಟೇ. ಕೋರ್ಟಿಗೆ ಕರೆಯುತ್ತೀರಾ ಅಂತ ಕೇಳಿದೆ, ಇಲ್ಲ ಅಂದರು. ಅವರು ಜೀಪು ಹತ್ತುವವರೆಗೆ ಅದನ್ನೇ ಮತ್ತೆ ಮತ್ತೆ ಕೇಳಿದೆ. ಅಕೀಬ ಅವತ್ತು ರೋಜಾ ಬಿಡುವ ಹೊತ್ತಿಗೆ ಮನೆಯಲ್ಲಿ ಇರಲಿಲ್ಲ. ತಡವಾಗಿ ಬಂದು ಅಪ್ಪನ ಕಾಲು ಒತ್ತಿ ಮಲಗಿದ. ನನ್ನ ಜೊತೆ ಈಗಲೂ ಹೂಂ, ಊಹೂಂ ಅಷ್ಟೇ. ನಿನ್ನ ಹತ್ತಿರ ಬಂದಾಗ ಅವನಿಗೆ ಏನೂ ಕೇಳಬೇಡ. ಕೂಡ್ರಿಸಿ ಮಾತಾಡಿಸು, ಸಾಕು. ಅವನೂ ರೋಜಾ ಇದ್ದಾನೆ, ಹೊತ್ತು ಮುಳುಗುವ ಮುಂಚೆ ಚಹಾ ಕೊಡಲು ಹೋಗಬೇಡ.

ಬಾವಿ ಉಳಿಯಿತು. ಗಾಡಿ ಬರುವುದಿಲ್ಲ. ಅದರ ಬದಲು ಗಲ್ಲಿಗೆ ಸಪಾಟು ಕಲ್ಲು ಹಾಸಿ, ಬಾವಿಯ ಕಟ್ಟೆಯನ್ನು ನಮ್ಮ ಕಡೆಯಿಂದ ಒಂದು ಮೊಳ ಒಳಗೆ ಎಳೆದು ಕಟ್ಟಿಸುತ್ತೇನೆ, ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ ಅಂದಿದ್ದಾರೆ ಮೇಡಂ. ನಕಾಶೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದರು. ಪೆನ್ಸಿಲಿನ ಗೆರೆ, ಅದೊಂದು ನನಗೆ ಚಿಂತೆ. ಪೆನ್ನಿನಿಂದ ಎಳೆಯಿರಿ ಅನ್ನಬೇಕಿತ್ತು, ಆಗ ಹೊಳೆಯಲಿಲ್ಲ.

ಇನ್ನೊಂದು ಷರತ್ತು ಇದೆ. ಸರಕಾರದ ಖರ್ಚಿನಲ್ಲಿ ಉಳಿಸಿದ ಬಾವಿಯ ಮೇಲೆ ಹಗ್ಗ, ರಾಟೆ, ಬಕೀಟು ಯಾವಾಗಲೂ ಇರಬೇಕು, ಗಲ್ಲಿಯ ಯಾವ ಮನೆಯವರು ಬಂದರೂ ಸೇದಬೇಕು. ಧನಪಾಲ ಹೂಂ ಅಂದು ಸಹಿ ಮಾಡಿದ, ಉಳಿದ ಮನೆಯವರೂ ಮಾಡಿದರು. ಮಾರ್ಚ್ ಮುಗಿಯುವುದರೊಳಗೆ ಕಾಗದ ಬೆಳಗಾವಿಗೆ ಹೋಗಬೇಕಂತೆ, ಅದಕ್ಕೇ ಎಲ್ಲರಿಗೂ ಅವಸರ. ಕಾಕುಗೆ ಇದನ್ನು ಯಾರು, ಎಷ್ಟು ಬಿಡಿಸಿ ಹೇಳಿದರೋ ನನಗೆ ಗೊತ್ತಿಲ್ಲ. ಸೋಮವಾರ ಸಂಜೆ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. "ಹುಸೇನಬಿ, ನಾ ಏನ ನಿನ್ನ ಕೇಳಾಕ ಬಂದಿರ್ಲಿಲ್ಲ" ಅಂದರು. ನಾನು ಹೌದ್ರಿ ಕಾಕು ಅಂದೆ. "ಚಲೋ ಆತು ಬಿಡು" ಅಂದು ಒಳಗೆ ಹೋದರು. ಹೊತ್ತು ಮುಳುಗುವ ಮುಂಚೆ ಉಣ್ಣುವವರು, ಅವರಿಗೆ ಅವಸರ ಇತ್ತು.

ಮಂಗಳವಾರ, ಅಂದರೆ ನಿನ್ನೆ, ಹೊಸ ನೈಲಾನ್ ಹಗ್ಗ, ಹೊಸ ರಾಟೆ, ಹಸಿರು ಪ್ಲಾಸ್ಟಿಕ್ ಬಕೀಟು ಕಟ್ಟಿದರು. ಮೇಡಂ ಕಳಿಸಿದ ಹುಡುಗ ಬಂದು ಬಾವಿಯ ಫೋಟೋ ತೆಗೆದುಕೊಂಡು ಹೋದ. ಇವತ್ತು ಬೆಳಗ್ಗೆ ನಾನು ಕಿಟಕಿ ತೆಗೆದಾಗ ಹಗ್ಗ ಅಲ್ಲಿಯೇ ಇತ್ತು. ಕಣ್ಣಿಗೆ ರೂಢಿ ಇಲ್ಲ, ಏನೋ ಮರೆತು ಬಿಟ್ಟು ಹೋದ ಹಾಗೆ ಕಾಣುತ್ತದೆ.

ಇದಿಷ್ಟು ವಿಷಯ. ನಿನ್ನ ಅಣ್ಣ ಇದನ್ನೇ ಬೇರೆ ರೀತಿ ಹೇಳಿದರೆ ಅವನ ಮಾತನ್ನೂ ನಂಬು, ಅವನು ನಿಂತ ಜಾಗ ಬೇರೆ. ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಬೇಸಿಗೆಯಲ್ಲಿ ಬಂದಾಗ ನಮ್ಮ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗು.

ನಿನ್ನ,
ಹುಸೇನಬಿ ವೈನಿ

ತಾ.ಕ. ಲಕೋಟೆಗೆ ಗೋಂದು ಹಚ್ಚುತ್ತೇನೆ ಅಂತ ಮೇಲೆ ಬರೆದೆ, ಹಚ್ಚಿದ್ದನ್ನು ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಹರಿದ ಹಾಗೆ ಕಂಡರೆ ಅದು ನಾನೇ.

ಆ ಫೋಟೋದಲ್ಲಿ ಇರುವವಳು ನಾನು. ಪಾಲಿಲ್ಲದವರು ಯಾರಾದರೂ ಸೇದುವುದು ಕಾಣಬೇಕು ಅಂದ ಆ ಹುಡುಗ. ಧನಪಾಲ ನನ್ನ ಕಡೆ ನೋಡಿದ. ಸೇದಿದೆ. ಮೊದಲ ಸಲ ಬಕೀಟು ನೀರಿನ ಮೇಲೆ ಬರೀ ತೇಲಿತು, ಹಗ್ಗ ಜಗ್ಗಿ ಅದನ್ನು ಮುಳುಗಿಸುವ ರೂಢಿ ನನಗಿಲ್ಲ. ಎರಡನೇ ಸಲ ತುಂಬಿತು. ಇಷ್ಟು ಭಾರ ಇರುತ್ತದೆ ಅಂತ ನೋಡಿದರೆ ತಿಳಿಯುವುದಿಲ್ಲ. ಹುಡುಗ ಫೋಟೋ ತೆಗೆದು ಹೋದ. ನಾನು ನೀರನ್ನು ನನ್ನ ಕೊಡಕ್ಕೆ ಹಾಕುವಾಗ, ನಿಮ್ಮ ಬಾವಿ, ನಿಮ್ಮವರ ಹಾಗೆಯೇ ಮಾಡಬೇಕು ಅಂತ, ಓಢಣಿಯ ಸೆರಗನ್ನು ಮಡಚಿ ಸೋಸಿದೆ. ಸೋಸಿದ ಮೇಲೆ ಸೆರಗಿನಲ್ಲಿ ಉಳಿದ ಜೀವಗಳನ್ನು ತಿರುಗಿ ಇಳಿಸಬೇಕಲ್ಲ. ಹಸಿರು ಬಕೀಟಿಗೆ ಬುಡದಲ್ಲಿ ಕಡಿ ಇಲ್ಲ. ಏನು ಮಾಡುವುದು ತಿಳಿಯದೆ ಸೆರಗನ್ನು ಬಾವಿಯ ಮೇಲೆ ಹಿಡಿದು ಮೇಲಿನಿಂದಲೇ ನೀರು ಬಿಟ್ಟು ತೊಳೆದೆ. ತಲೆ ಎತ್ತಿದರೆ ಕಾಕು ತಮ್ಮ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಅವರು ಅವತ್ತಿನ ನೀರನ್ನು ಆಗಲೇ ಸೇದಿಕೊಂಡಾಗಿತ್ತು. ನಾವು ಸಂಜೆ ಆ ನೀರಿನಿಂದಲೇ ರೋಜಾ ಬಿಟ್ಟೆವು.

ಇವತ್ತು ಬೆಳಗ್ಗೆ ಕಾಕು ಹಗ್ಗ ಹೆಗಲಿಗೆ ಹಾಕಿಕೊಂಡು, ಕೊಡ ಹಿಡಿದು ಬಾವಿಯವರೆಗೆ ಬಂದರು. ಹಸಿರು ಬಕೀಟಿನ ಮುಂದೆ ನಿಂತರು. ನಿಂತು, ಹಾಗೆಯೇ ತಿರುಗಿ ಹೋದರು. ಆಮೇಲೆ ಬರಲಿಲ್ಲ. ಈಗ ಹೊತ್ತು ಇಳಿಯುತ್ತಿದೆ, ನಾನು ಕಿಟಕಿಯಲ್ಲೇ ಇದ್ದೇನೆ. ಬಸ್ತಿಯಲ್ಲಿ ಎಂಟು ದಿನದ ಪೂಜೆ ನಡೆದಿದೆ, ಧನಪಾಲ, ಅವನ ಹೆಂಡತಿ ಬೆಳಗಿನಿಂದ ಅಲ್ಲಿಯೇ ಇದ್ದಾರೆ. ಕಾಕುನ ಅಡಿಗೆ ಬೇರೆ, ನೀರು ಬೇರೆ, ಆದ್ದರಿಂದ ಅವರ ಕೊಡ ಖಾಲಿ ಇದ್ದದ್ದು ಮನೆಯವರಿಗೆ ಗೊತ್ತಾಗಿರುವುದಿಲ್ಲ. ನಿನ್ನೆಯ ನೀರನ್ನು ಅವರು ಇವತ್ತು ಮುಟ್ಟುವವರಲ್ಲ.

ಅವರು ತಿರುಗಿ ಹೋದದ್ದು ನನ್ನ ಕೈ ಬಿದ್ದದ್ದಕ್ಕೋ, ಮೇಲಿನಿಂದ ಚೆಲ್ಲಿದ್ದಕ್ಕೋ ತಿಳಿಯದು. ಹೋಗಿ ಕೇಳೋಣ ಅಂತ ಎರಡು ಸಲ ಹೊಸ್ತಿಲವರೆಗೆ ಹೋದೆ. ಹೌದು ಅಂದುಬಿಟ್ಟರೆ ನಾನು ಏನು ಮಾಡಲಿ.

ಆದರೆ ನಿಮ್ಮವರು ಚತುರ್ದಶಿಗೆ ಉಪವಾಸ ಇರುತ್ತಾರೆ, ಆ ದಿನ ಕಾಕು ನೀರು ಸೇದುವುದಿಲ್ಲ. ಮರೆತು ಕೊಡ ಹಿಡಿದು ಬಂದು, ನೆನಪಾಗಿ ತಿರುಗಿರಬಹುದು. ವಯಸ್ಸಾಗಿದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಚತುರ್ದಶಿ ನಾಳೆ ಅಂತ ಇದೆ. ತಿಥಿ ಒಮ್ಮೊಮ್ಮೆ ಹಿಂದೆ ಮುಂದೆ ಆಗುತ್ತದೆ ಅಂತ ಕೇಳಿದ್ದೇನೆ. ಓದಿದ ಕೂಡಲೇ ಅಕೀಬ ಅಲ್ಲಿಂದ ಹೊರಡುವುದರೊಳಗೆ, ನಿಮ್ಮ ಮನೆಯ ಜೈನ ಪಂಚಾಂಗದಲ್ಲಿ ಚತುರ್ದಶಿ ಇವತ್ತೇ ಏನು, ಇನ್ನೊಮ್ಮೆ ನೋಡಿ ಹೇಳು.